ಪೊರೆ ಕೀಳದ ಕೆಂಪು ಕಾರು

ನಮ್ಮ ಮನೆತನ ಮುಂಬಯಿಗೆ ಬಂದು ನಾಲ್ಕು ತಲೆಮಾರಾಯಿತು. ಅಜ್ಜ ಬೈಕುಲ್ಲಾದಲ್ಲಿ ಹೋಟೆಲು ನಡೆಸಿದವರು. ಗಿರಣಿಯ ಕೆಲಸಗಾರರಿಂದ ಹಿಡಿದು ನ್ಯಾಯಾಧೀಶರವರೆಗೆ ಅಲ್ಲಿ ಉಂಡವರಲ್ಲಿ ಒಬ್ಬರೂ ಸಾರು ನೀರಾಗಿದೆ ಎಂದು ಹೇಳಿದ್ದಿಲ್ಲ. ತಂದೆ ಊರವರ ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು, ಕರೆಯದೆ ವೇದಿಕೆ ಹತ್ತಿದವರಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಮವಸ್ತ್ರದ ನೆರಿಗೆ ಕೆಟ್ಟಿದ್ದರೆ ಸಿಸ್ಟರು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದ ಕಾಲ ಅದು. ನನ್ನನ್ನು ಒಮ್ಮೆಯೂ ಕಳಿಸಿದ್ದಿಲ್ಲ. ಇಷ್ಟೆಲ್ಲ ಹೇಳಬೇಕಾಗಿ ಬಂದದ್ದು ಏಕೆಂದರೆ, ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಸೊಸೈಟಿ ಸಭೆಯಲ್ಲಿ, ಎಲ್ಲರ ಎದುರಿಗೆ, ಒಬ್ಬರು ಎದ್ದು ನನ್ನ ಕೈಕೆಲಸ ಕಳಪೆ ಎಂದರು. ನಮ್ಮ ಮನೆತನಕ್ಕೆ ಆ ಮಾತು ಹೊಸದು.

ಕೈಕೆಲಸ ಎಂದರೆ, ರಿಮೋಟಿನಿಂದ ಓಡುವ ಪುಟ್ಟ ಕಾರುಗಳ ಮೈಗೆ ಸ್ಪ್ರೇ ಬಣ್ಣ ಹೊಡೆಯುವುದು. ಮಕ್ಕಳ ಆಟಿಕೆ ಎಂದುಕೊಳ್ಳಬೇಡಿ. ನನ್ನಲ್ಲಿಗೆ ಅದನ್ನು ತರುವವರ ತಲೆ ಆಗಲೇ ನರೆಯತೊಡಗಿದೆ. ಈ ಕೆಲಸಕ್ಕೆ ಕೈ ಹಾಕಿದಂದಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ. ನನಗೆ ಸಾಕಾಗಿದೆ.

ಅಳಿಯನ ಹೊರಬಣ್ಣ

ಮೊದಲು ತಂದವನು ಪವಾಯಿಯಲ್ಲಿರುವ ನನ್ನ ಅಳಿಯ. ಈ ಕಾರುಗಳ ಮೈ ನೀರಿನ ಬಾಟಲಿಯ ಹಾಗೆ ಪಾರದರ್ಶಕ ಪ್ಲಾಸ್ಟಿಕ್. ಬಣ್ಣ ನಾವೇ ಹೊಡೆದುಕೊಳ್ಳಬೇಕು. ಅವನು ಹೊರಗಡೆಯಿಂದ ನೀಲಿ ಬಳಿದು, ನಮಗೆ ತೋರಿಸಲೆಂದು ತಂದು ಹಾಲಿನಲ್ಲಿ ಓಡಿಸಿದ. ಕಾರು ಬಾಗಿಲಿಗೆ ಗುದ್ದಿತು. ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು.

"ಅತ್ತೆ, ಪೇಂಟ್ ಸರಿಯಿಲ್ಲ," ಎಂದ.

"ಪೇಂಟಿನದೂ ತಪ್ಪಿದೆ, ನಿನ್ನದೂ ತಪ್ಪಿದೆ. ಬಳಿಯಬೇಕಾದ್ದು ಒಳಗಡೆಯಿಂದ."

ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಗಾಜಿನ ಚಿತ್ರ ಕಲಿಸಿದ್ದರು. ಗಾಜಿನ ಹಿಂಬದಿಗೆ ಬರೆದು ಮುಂಬದಿಯಿಂದ ನೋಡುವ ಚಿತ್ರ. ಹಕ್ಕಿಯ ಕಣ್ಣು ಮೊದಲು, ಆಮೇಲೆ ರೆಕ್ಕೆ, ಆಕಾಶ ಎಲ್ಲಕ್ಕಿಂತ ಕೊನೆಗೆ. ಇದೂ ಹಾಗೆಯೇ. ಒಳಗಿನಿಂದ ಬಳಿದರೆ ಪೆಟ್ಟೆಲ್ಲ ಪ್ಲಾಸ್ಟಿಕ್ಕಿಗೆ, ಬಣ್ಣಕ್ಕೆ ಏನೂ ಆಗುವುದಿಲ್ಲ. ಅದಕ್ಕೆಂದೇ ಸಿಗುವ ಸ್ಪ್ರೇ ಡಬ್ಬಿ ತರಿಸಿ, ಇನ್ನೊಂದು ಮೈಗೆ ನಾನೇ ಬಣ್ಣ ಹೊಡೆದುಕೊಟ್ಟೆ. ಅದರ ಹೊಳಪು ನೋಡಿ ಅವನ ಗೆಳೆಯರು ಯಾರು ಮಾಡಿದ್ದು ಎಂದು ಕೇಳಿದರಂತೆ.

"ನಮ್ಮ ಅತ್ತೆ," ಎಂದನಂತೆ ಅಳಿಯ. "ಅವರು ಏನು ಮಾಡಿದರೂ ಒಳಗಿಂದಲೇ ಮಾಡೋದು. ಹೊರಗಿನವರು ಕೆರೆದು ನೋಡಿದರೂ ಏನೂ ಸಿಗೋದಿಲ್ಲ."

ಮಗಳು ಇದನ್ನು ಬಂದು ಹೇಳಿದಾಗ ನಾನು ನಗಲಿಲ್ಲ. ನಮ್ಮ ಯಜಮಾನರೂ ನಗಲಿಲ್ಲ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದರು. ಪೇಪರು ಮಾತ್ರ ಬಹಳ ಹೊತ್ತು ಅಲುಗುತ್ತಿತ್ತು.

ಹೊಸ ನಮೂನೆಯ ತಟ್ಟೆ

ಬಣ್ಣ ಹೊಡೆಯುವ ಮುಂಚೆ ಆ ಮೈಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಬೇಕು. ಬೆರಳಿನ ಜಿಡ್ಡು ತಾಗಿದರೂ ಬಣ್ಣ ಹಿಡಿಯುವುದಿಲ್ಲ. ಹಾಗೆ ತೊಳೆದದ್ದೊಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಆ ದಿನ ಮಂಗಳೂರಿನಿಂದ ನಾದಿನಿ ಬಂದಿದ್ದಳು. ತಿಂಡಿ ತರಲು ಹೇಳಿದರೆ, ನಮ್ಮ ಕೆಲಸದ ಹೆಂಗಸು ಆ ಕಾರಿನ ಮೈಯನ್ನೇ ಅಂಗಾತ ಹಿಡಿದು, ತುಂಬ ಚಕ್ಕುಲಿ ಹಾಕಿಕೊಂಡು ಬಂದು ಟೀಪಾಯಿ ಮೇಲೆ ಇಟ್ಟಳು. ಚಕ್ರದ ಜಾಗ ಇನ್ನೂ ಕತ್ತರಿಸಿರಲಿಲ್ಲವಾದ್ದರಿಂದ ಒಂದು ಚೂರೂ ಸೋರಲಿಲ್ಲ.

ಒಳಗೆ ಕರೆದು ಕೇಳಿದೆ. ಅವಳು ಕಲಬುರಗಿ ಕಡೆಯವಳು. "ಡಬ್ಬಿ, ತಾಟು ಎಲ್ಲಾ ತುಂಬಿದ್ವು ಬಾಯಾರ. ಇದೊಂದೇ ಖಾಲಿ ಕುಂತಿತ್ತು," ಎಂದಳು.

ಹೊರಗೆ ಬಂದರೆ ನಾದಿನಿ ಅದನ್ನು ಎತ್ತಿ ಹಿಡಿದು ನೋಡುತ್ತಿದ್ದಳು. "ಒಳ್ಳೆ ಉಂಟು ಅತ್ತಿಗೆ. ನಡುವಿಗೆ ಚಕ್ಕುಲಿ, ಮುಂದೆ ಚಟ್ನಿ, ಹಿಂದೆ ಉಪ್ಪಿನಕಾಯಿ. ಎಲ್ಲದಕ್ಕೂ ಜಾಗ ಮಾಡಿದ್ದಾರೆ."

ಅದು ಕಾರು ಎಂದು ಹೇಳಿದೆ.

"ಕಾರು ಅಂತ ಗೊತ್ತುಂಟು. ಲಾರಿಯದ್ದು ಸಿಕ್ಕೀತಾ? ನಮ್ಮಲ್ಲಿ ಜನ ಜಾಸ್ತಿ."

ವಕೀಲರ ಕೆಂಪು ಗೆರೆ

ಅಳಿಯನ ಗೆಳೆಯರಲ್ಲಿ ಒಬ್ಬರು ವಕೀಲರು. ಹಳದಿ ಕಾರಿನ ಮೇಲೆ ಕರಿ ಪಟ್ಟೆ ಬೇಕೆಂದರು. ಮೇಲೆ ಕಾಣುವ ಪಟ್ಟೆಯನ್ನು ಮೊದಲು ಹೊಡೆಯಬೇಕು, ಆಮೇಲೆ ಹಳದಿ. ಹಳದಿ ಮಂಕಾಗದಿರಲೆಂದು ಕೊನೆಗೆ ಅದರ ಹಿಂದೆ ಒಂದು ಕೋಟು ಬಿಳಿ. ಅಷ್ಟು ಮುಗಿಸಿ ಕಾರಿನ ಮೈಯನ್ನು ಮೇಜಿನ ಮೇಲೆ ಪೇಪರು ಹಾಸಿ ಅಂಗಾತ ಇಟ್ಟಿದ್ದಾಗ ವಕೀಲರು ಫೋನು ಕೂಡ ಮಾಡದೆ ಬಂದರು.

"ಮೇಡಂ, ನಾನು ಹೇಳಿದ್ದು ಹಳದಿ."

"ಹಳದಿಯೇ."

"ಇದು ಬಿಳಿ ಕಾಣುತ್ತಿದೆ."

"ಆ ಕಡೆಯಿಂದ ನೋಡಬೇಕು."

ಅವರು ಕುರ್ಚಿಯಿಂದ ಎದ್ದು, ಮೇಜನ್ನು ಸುತ್ತಿ ಬಂದು, ಆ ಕಡೆ ನಿಂತು ಕನ್ನಡಕ ಸರಿಮಾಡಿಕೊಂಡರು. "ಇಲ್ಲಿಂದಲೂ ಬಿಳಿಯೇ, ಮೇಡಂ."

ನಾನು ಕಾರನ್ನು ತಿರುಗಿಸಿ ಇಟ್ಟೆ. ಹಳದಿಯೂ ಇತ್ತು, ಪಟ್ಟೆಯೂ ಇತ್ತು. ಒಪ್ಪಿಕೊಂಡರು. ಒಪ್ಪಿದ ಮೇಲೆ, ಕರಿಯ ಮೇಲೆ ಒಂದು ಸಣ್ಣ ಕೆಂಪು ಗೆರೆ ಸೇರಿಸಿಬಿಡಿ ಎಂದರು. ಮೇಲಿನದನ್ನು ಮೊದಲೇ ಹೊಡೆಯಬೇಕು, ಅದು ಕಳೆದ ವಾರವೇ ಆಗಬೇಕಾಗಿತ್ತು ಎಂದು ತಿಳಿಸಿ ಹೇಳಿದೆ.

ವಕೀಲರು ಸ್ವಲ್ಪ ಯೋಚಿಸಿದರು. "ಹಾಗಾದರೆ ಈಗ ಹೊಡೆದು ಕಳೆದ ವಾರದ ತಾರೀಕು ಹಾಕಿಬಿಡಿ, ಮೇಡಂ. ನಮ್ಮಲ್ಲಿ ದಿನಾ ನಡೆಯುತ್ತದೆ."

ಎರಡನೇ ಮಹಡಿಯವರು

ಇನ್ನು ಸಭೆಯಲ್ಲಿ ಎದ್ದು ನಿಂತವರ ವಿಷಯ. ಅವರು ನಮ್ಮ ಕೆಳಗಿನ ಮನೆಯವರು, ಉಡುಪಿ ಕಡೆಯವರು, ಹೋಟೆಲು ಇದೆ. ಅವರ ಮನೆಗೆ ಬಂದ ಯಾವ ವಸ್ತುವೂ ತನ್ನ ಪ್ಲಾಸ್ಟಿಕ್ ಕಳಚಿದ್ದಿಲ್ಲ. ಸೋಫಾ ಅಂಗಡಿಯಿಂದ ಬಂದ ಕವರಿನಲ್ಲೇ ಇದೆ. ಕೂತರೆ ಕಿರುಗುಟ್ಟುತ್ತದೆ, ಏಳುವಾಗ ಸೀರೆಯನ್ನು ಬಿಡುವುದಿಲ್ಲ. ಟಿವಿಯ ಮೂಲೆಯಲ್ಲಿ ಕಂಪನಿಯವರು ಅಂಟಿಸಿದ ಗುಣಗಾನದ ಚೀಟಿ ಹಾಗೆಯೇ ಇದೆ. ರಿಮೋಟಿಗೆ ಕವರು, ಆ ಕವರಿಗೆ ರಬ್ಬರ್ ಬ್ಯಾಂಡು.

ಅವರಿಗೂ ಒಂದು ಕಾರು ಬೇಕೆನಿಸಿ, ಕೆಂಪು ಬಣ್ಣ ಕೇಳಿದರು. ಹೊಡೆದುಕೊಟ್ಟೆ. ಈ ಮೈಗಳ ಹೊರಗಡೆ ಒಂದು ತೆಳುವಾದ ಪೊರೆ ಅಂಟಿಸಿರುತ್ತಾರೆ. ಬಣ್ಣ ಹೊಡೆಯುವಾಗ ಹಾರುವ ತುಂತುರೆಲ್ಲ ಅದರ ಮೇಲೆ ಕೂತು, ಅದು ಮಬ್ಬಾಗಿ, ಚುಕ್ಕೆಚುಕ್ಕೆಯಾಗಿರುತ್ತದೆ. ಕೊನೆಗೆ ಅದನ್ನು ಕಿತ್ತರೆ ಒಳಗಿನ ಹೊಳಪು ಹೊರಗೆ ಬರುತ್ತದೆ. ಹಾಗೆ ಕೀಳುವ ಸಂತೋಷವನ್ನು ನಾನು ಕಾರಿನವರಿಗೇ ಬಿಡುತ್ತೇನೆ.

"ಮನೆಗೆ ಹೋಗಿ ಮೇಲಿನ ಪ್ಲಾಸ್ಟಿಕ್ ತೆಗೆಯಿರಿ," ಎಂದು ಬಿಡಿಸಿ ಹೇಳಿದೆ.

"ಅದು ಇರ್ಲಿ ಅಕ್ಕ. ಒಂದು ಬಂದೋಬಸ್ತು."

"ತೆಗೆಯದಿದ್ದರೆ ಬಣ್ಣ ಕಾಣುವುದಿಲ್ಲ."

"ಬಣ್ಣ ಎಲ್ಲಿಗೆ ಹೋಗ್ತದೆ? ಒಳಗೆ ಉಂಟಲ್ಲ."

ಸೊಸೈಟಿ ಸಭೆ ಬಂತು. ನಾನು ಬಣ್ಣ ಹೊಡೆಯುವ ನಮ್ಮ ಬಾಲ್ಕನಿಯಿಂದ ವಾಸನೆ ಬರುತ್ತದೆ ಎಂಬ ದೂರಿತ್ತು. ನ್ಯಾಯವಾದ ದೂರೇ. ಅದಕ್ಕಾಗಿ ನಾನೇ ಟೆರೇಸಿನ ಒಂದು ಮೂಲೆ ಕೊಡಿ ಎಂದು ಕೇಳಿದ್ದೆ. ಸೆಕ್ರೆಟರಿ ಆಗಲಿ ಎನ್ನುವುದರಲ್ಲಿದ್ದರು. ಎರಡನೇ ಮಹಡಿಯವರು, ಪೊರೆ ಕೀಳದ ಕಾರನ್ನು ಕೈಯಲ್ಲಿ ಹಿಡಿದು, ಎದ್ದರು.

"ವಾಸನೆ ಸಹಿಸ್ಬಹುದು ಮಾರಾಯ್ರೆ, ಕೆಲಸ ಒಳ್ಳೆದಿದ್ರೆ. ನನ್ನ ಕಾರು ನೋಡಿ. ಹೊಸತೇ ಹಳತಿನ ಹಾಗೆ ಉಂಟು. ಇದಕ್ಕೆ ಟೆರೇಸ್ ಬೇರೆ ಕೇಡು."

ಜನ ನಕ್ಕರು. ಟೆರೇಸಿನ ಮಾತು ಮುಂದಿನ ಸಭೆಗೆ ಹೋಯಿತು. ಪೊರೆಯ ವಿಷಯ ಹೇಳಲು ಎದ್ದೆ. ಅಷ್ಟರಲ್ಲಿ ನೀರಿನ ಟ್ಯಾಂಕರಿನ ಜಗಳ ಶುರುವಾಗಿ ನನ್ನ ಮಾತು ಯಾರಿಗೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು, ಯಜಮಾನರನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಸೋಫಾ ಕಿರುಗುಟ್ಟಿತು. ಕಾರು ತರಿಸಿ ಎಂದೆ. ಶೋಕೇಸಿನಿಂದ ತಂದರು, ಅದಕ್ಕೂ ಮೇಲೊಂದು ಪ್ಲಾಸ್ಟಿಕ್ ಚೀಲ. ಚೀಲ ತೆಗೆದು, ಚಕ್ರದ ಅಂಚಿನಲ್ಲಿ ಉಗುರು ಹಾಕಿ, ಪೊರೆಯನ್ನು ಒಂದೇ ಎಳೆತಕ್ಕೆ ಕಿತ್ತೆ. ಕಾರಿನ ಮೇಲೆ ಅವರ ಮನೆಯ ಟ್ಯೂಬ್‌ಲೈಟು ಇಡಿಯಾಗಿ ಕಾಣಿಸಿತು.

ಅವರ ಹೆಂಡತಿ ಹತ್ತಿರ ಬಂದು ನೋಡಿದರು. "ಇದು ಕೆಂಪಾ? ನಾನು ಇಷ್ಟು ದಿನ ಕಾಫಿ ಕಲರ್ ಅಂತ ತಿಳ್ಕೊಂಡಿದ್ದೆ."

ಅವರ ಗಂಡ ಬಗ್ಗಿ, ನೆಲದ ಮೇಲಿದ್ದ ಪೊರೆಯನ್ನು ಹೆಕ್ಕಿ, ತೊಡೆಯ ಮೇಲಿಟ್ಟು ಅಂಗೈಯಿಂದ ಸಾಪು ಮಾಡಿದರು. ಕ್ಷಮೆ ಕೇಳುತ್ತಾರೆಂದು ಕಾದೆ.

"ಕೆಲಸ ಒಳ್ಳೆದುಂಟು ಅಕ್ಕ," ಎಂದರು. "ಇನ್ನು ಇದನ್ನು ವಾಪಸ್ ಅಂಟಿಸೋದು ಹೇಗೆ?"

ನಮ್ಮ ಯಜಮಾನರಿಗೆ ಕೆಮ್ಮು ಬಂತು. ಕೈಯಲ್ಲಿ ಪೇಪರು ಇರಲಿಲ್ಲ. ಅವರು ಮೆಟ್ಟಿಲಿಗೆ ಹೋಗಿ ಕೆಮ್ಮಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಭಾನುವಾರ ಸಂಜೆ ಕೆಳಗೆ ಕಾಂಪೌಂಡಿನಲ್ಲಿ ಗಲಾಟೆ ಕೇಳಿ ಬಗ್ಗಿ ನೋಡಿದರೆ, ಎರಡನೇ ಮಹಡಿಯವರು ಕಾರು ಓಡಿಸುತ್ತಿದ್ದರು. ಹೋಟೆಲಿನಲ್ಲಿ ಪಾರ್ಸೆಲ್ ಸುತ್ತುವ ಪ್ಲಾಸ್ಟಿಕ್ ತಂದು, ಇಡ್ಲಿ ಕಟ್ಟಿದ ಹಾಗೆ ಕಾರಿಗೆ ಸುತ್ತು ಸುತ್ತಾಗಿ ಬಿಗಿದಿದ್ದರು. ಸೆಕ್ರೆಟರಿ ಪಕ್ಕದಲ್ಲೇ ನಿಂತಿದ್ದರು. "ಇದೇನು, ಇಷ್ಟು ಮಂಕು?" ಎಂದು ಕೇಳಿದರು.

ಅವರು ತಲೆ ಎತ್ತಿ ನಮ್ಮ ಬಾಲ್ಕನಿ ತೋರಿಸಿದರು. "ಮೂರನೇ ಮಹಡಿಯವರ ಕೆಲಸ."

ಅವರು ನನ್ನಲ್ಲಿ ಕ್ಷಮೆ ಕೇಳಬೇಕು. ಮುಂದಿನ ಸಭೆಯಲ್ಲಿ, ಅದೇ ಜನರ ಎದುರಿಗೆ, ಎದ್ದು ನಿಂತು, ಕಾರನ್ನು ಕೈಯಲ್ಲಿ ಹಿಡಿದುಕೊಂಡು. ಪ್ಲಾಸ್ಟಿಕ್ ತೆಗೆದು.