ಮಹಡಿಯಿಂದ ಕೆರೆ ಕಾಣುವ ಮನೆ

ಆಗ ನನಗೆ ಹತ್ತೊಂಬತ್ತು ವರ್ಷ. ಅದಾಗಿ ಅರವತ್ತಾರು ವರ್ಷವಾಯಿತು ಎಂದು ಮೊಮ್ಮಗಳು ಬೆರಳು ಮಡಚದೆಯೇ ಹೇಳಿದಳು. ಆ ವಯಸ್ಸಿನಲ್ಲಿ ನಾನಿದ್ದ ಮನೆ ಎಂಥದು ಎಂಬುದು ನನಗೆ ಪೇಪರಿನಿಂದ ಗೊತ್ತಾಯಿತು. ನಗಬೇಡಿ. ತಾನಿರುವ ಮನೆಯನ್ನು ಪೂರ್ತಿ ನೋಡಿದವರು ಎಷ್ಟು ಮಂದಿ ಇದ್ದಾರೆ? ಅಡಿಗೆಮನೆಯವರಿಗೆ ಪಡಸಾಲೆ ಗೊತ್ತಿರುವುದಿಲ್ಲ. ಪಡಸಾಲೆಯವರಿಗೆ ಉಪ್ಪಿನ ಗಡಿಗೆ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಇಬ್ಬರೂ ಮಾತ್ರ "ನಮ್ಮ ಮನಿ, ನಮ್ಮ ಮನಿ" ಅನ್ನುತ್ತಾರೆ.

ನಮ್ಮ ಮಾವನವರ ವಾಡೆ ಮಾಗಡಿ ಕೆರೆಯ ದಂಡೆಗೆ, ತುಸು ಎತ್ತರದಲ್ಲಿತ್ತು. ಸಂಸ್ಥಾನ ಇದ್ದಾಗ ಊರ ಜನರ ಅರ್ಜಿ, ತಂಟೆ ಎಲ್ಲ ಅವರ ಮಹಡಿಯ ಬೈಠಕ್ಕಿಗೆ ಬರುತ್ತಿದ್ದವಂತೆ. ಸಂಸ್ಥಾನ ಹೋಯಿತು, ಮುಂಬೈ ಸರಕಾರ ಬಂತು, ಕಚೇರಿ ಬೇರೆ ಕಡೆ ಹೋಯಿತು. ಮೆಟ್ಟಿಲು ಹತ್ತಿ ಬರುವವರಲ್ಲಿ ಇಸ್ಪೀಟಿನವರು ಮೂವರೇ ಉಳಿದರು. ಮಾವನವರಿಗೆ ಬೇಸರ ಹತ್ತಿತು. ಗದಗಿನಲ್ಲಿ ದಿನಕ್ಕೊಂದು ಸಭೆ, ಕನ್ನಡದವರೆಲ್ಲ ಒಂದಾಗಬೇಕೆಂದು ಭಾಷಣ. ತಾವು ಇಲ್ಲಿ ಕೆರೆಯ ಬಾತುಗಳ ನಡುವೆ ಕೂತು ಏನು ಮಾಡುವುದು? ವಾಡೆ ಮಾರಿ ಗದಗಿಗೆ ಹೋಗುವುದೆಂದು ನಿಶ್ಚಯ ಮಾಡಿದರು.

ಆ ನಿಶ್ಚಯಕ್ಕೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ನನ್ನ ಗಂಡನಿಗೆ ಗದಗಿನ ಒಂದು ಶಾಲೆಯಲ್ಲಿ ಮಾಸ್ತರಿಕೆ. ಶನಿವಾರ ಸಂಜೆ ಬರುವುದು, ಸೋಮವಾರ ಕೋಳಿ ಕೂಗುವ ಮೊದಲು ಹೋಗುವುದು. ನಡುವಿನ ಒಂದು ದಿನ ಅವನ ತಂದೆಯೇ ಅವನನ್ನು ಕೂರಿಸಿಕೊಂಡು ನಾಡು ಒಂದಾಗುವ ಮಾತಾಡುತ್ತಿದ್ದರು. ಗಂಡ ಗದಗಿನಲ್ಲಿ, ಹೆಂಡತಿ ಮಾಗಡಿಯಲ್ಲಿ. ಈ ಏಕೀಕರಣಕ್ಕೆ ಮಾತ್ರ ಯಾರೂ ಸಭೆ ಕರೆದಿರಲಿಲ್ಲ. ವಾಡೆ ಮಾರಿದರೆ ನಾನೂ ಗದಗಿಗೆ. ಅಲ್ಲಿ ನಳ ತಿರುವಿದರೆ ನೀರು ಬರುತ್ತದೆಂದು ಅವನು ಹೇಳಿದ್ದ. ಗಂಡನ ಮುಖಕ್ಕಿಂತ ಆ ನಳವೇ ನನ್ನ ಕಣ್ಣಿಗೆ ಕಟ್ಟಿತ್ತು ಎಂದರೆ ಸುಳ್ಳಲ್ಲ.

ಒಂದು ಶನಿವಾರ ಅವನು ಮಾವನವರ ಜಾಹೀರಾತು ಬಂದಿದ್ದ ಪೇಪರು ತಂದು ಕೊಟ್ಟ. ನಾನು ಕಲಿತದ್ದು ಎರಡನೆಯ ಇಯತ್ತೆ. ಒಲೆಯ ಮುಂದೆ ಕೂತು, ರೊಟ್ಟಿ ಬೇಯುವ ನಡುನಡುವೆ, ಒಂದೊಂದೇ ಅಕ್ಷರ ಕೂಡಿಸಿ ಅತ್ತೆಗೂ ನೆಗೆಣ್ಣಿ ಗಂಗಕ್ಕನಿಗೂ ಓದಿ ಹೇಳಿದೆ. ಗಂಗಕ್ಕ ಅಂದರೆ ಹೊಲ ನೋಡುವ ಹಿರಿಯ ಭಾವನ ಹೆಂಡತಿ. 'ಮಾರುವುದಿದೆ. ಕೆರೆಯ ದಂಡೆಗೆ ಹಳೆಯ ಮನೆತನದ ವಾಡೆ. ಸುಂದರ ಉದ್ಯಾನ. ಕಾರಂಜಿ. ಮಹಡಿಯಿಂದ ಕೆರೆಯ ರಮಣೀಯ ನೋಟ.'

"ಅದೇನ ನೋಟ?" ಅಂದಳು ಗಂಗಕ್ಕ. "ದಿನಾ ಅದೇ ಕೆರ್‍ಯಾಗ ಅರಿವಿ ಒಗೀತೀವಿ. ಪಾಚಿ ಐತಿ, ಎಮ್ಮಿ ಅದಾವು. ಮ್ಯಾಲಿಂದ ನೋಡಿದ್ರ ಬ್ಯಾರೆ ಕೆರಿ ಕಾಣತೈತೇನು?"

"ಯತ್ತಿ, ನೀವರ ನೋಡೀರೇನ್ರಿ?" ಎಂದು ನಾನು ಕೇಳಿದೆ.

ಅತ್ತೆ ಹಿಟ್ಟು ನಾದುತ್ತಲೇ ಅಂದಳು: "ಗಂಡಸರು ಕುಂಡ್ರೂ ಜಾಗಾ ಅದು. ನಾ ಯಾಕ ಹೋಗಲಿ? ಈ ಮನಿಗೆ ಬಂದು ಮೂವತ್ತೆರಡು ವರ್ಷ ಆತು, ಆ ಪಾವಟಿಗಿ ಎಷ್ಟು ಅದಾವಂತ ಕೇಳಿದ್ರ ಹೇಳಾಕ ಬರಂಗಿಲ್ಲ."

ಅಂದಿನಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅರಿವೆ ಒಗೆಯುವ ಕೆರೆಗೂ ಮೇಲಿಂದ ಕಾಣುವ ಕೆರೆಗೂ ಏನು ಫರಕು? ಪೇಪರಿನಲ್ಲಿ ಹಾಕುವಂಥದು ಅದರಲ್ಲಿ ಏನಿದೆ? ನೀರು ತರುವಾಗ ತಲೆಯೆತ್ತಿ ನೋಡಿದರೆ ಕೊಡ ಬೀಳುತ್ತದೆ. ತಗ್ಗಿ ನೋಡಿದರೆ ನನ್ನ ಕಾಲು ಕಾಣುತ್ತವೆ.

ಇನ್ನು ಆ ಉದ್ಯಾನದ ಮಾತು. ಮಾವನವರು ಎಲ್ಲಿಯೋ ಸಾಹೇಬರ ಬಂಗಲೆ ನೋಡಿಬಂದು ಮನೆ ಮುಂದೆ ಹಾಕಿಸಿದ್ದು. ಇಟ್ಟಂಗಿಯನ್ನು ವಾರೆಯಾಗಿ ನೆಟ್ಟು ಸುಣ್ಣ ಬಳಿದ ದಾರಿಗಳು, ಗುಲಾಬಿ ಮಡಿ, ದಾರಿಯ ಎರಡೂ ಬದಿಗೆ ಸರ್ವೆ ಗಿಡಗಳು, ನಡುವೆ ಕಾರಂಜಿ. ಕಾರಂಜಿಯ ಗುಟ್ಟು ಹೇಳುತ್ತೇನೆ. ಗೋಡೆಯ ಮೇಲೆ ಒಂದು ತೊಟ್ಟಿ, ಅದರಿಂದ ಕೆಳಗೆ ಕೊಳವೆ. ಬೀಗರು ಬಂದಾಗ ಮಾವನವರು ಎರಡು ಸಲ ಚಪ್ಪಾಳೆ ತಟ್ಟುವರು. ಗೋಡೆಯ ಈ ಬದಿಗೆ ಏಣಿ ಹತ್ತಿ ನಿಂತ ಗಂಗಕ್ಕ ತೊಟ್ಟಿಗೆ ಕೊಡ ಸುರುವುವಳು. ಆ ಬದಿಗೆ ನೀರು ಮೊಳದೆತ್ತರ ಚಿಮ್ಮುವುದು. ಕೊಡ ಮುಗಿದರೆ ಕಾರಂಜಿಯೂ ಮುಗಿಯಿತು. "ನೀರಿಂದ ಭಾಳ ನಾಚಿಕಿ ಸ್ವಭಾವರಿ" ಎಂದು ಮಾವನವರು ಬೀಗರಿಗೆ ಸಮಜಾಯಿಷಿ ಕೊಡುವರು.

ಆ ನೀರು ಬರುವುದು ಕೆರೆಯಿಂದ. ಮುಂಬಾಗಿಲಿನಿಂದ ಉದ್ಯಾನದ ನಡುವೆ ಹಾದರೆ ಕೆರೆ ನಾಲ್ವತ್ತು ಹೆಜ್ಜೆ. ಆದರೆ ಬೈಠಕ್ಕಿನ ಎದುರಿಗೆ ಸೊಸೆಯಂದಿರು ಕೊಡ ಹೊತ್ತು ಹಾಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾವು ಹಿತ್ತಲ ಬಾಗಿಲಿಂದ ಹೊರಟು, ದನದ ಕೊಟ್ಟಿಗೆ ಬಳಸಿ, ಬಣಿವೆ ದಾಟಿ, ಕಂಪೌಂಡ್ ಗೋಡೆಗೆ ಪೂರ್ತಿ ಪ್ರದಕ್ಷಿಣೆ ಹಾಕಿ ಅದೇ ಕೆರೆಗೆ ಬರಬೇಕು. ಗುಡಿಗೆ ಅಷ್ಟು ಸುತ್ತಿದ್ದರೆ ನನಗೆ ಇಷ್ಟು ಹೊತ್ತಿಗೆ ಮೋಕ್ಷ ಸಿಗುತ್ತಿತ್ತು.

ಪೇಪರು ಓದಿ ಗದಗಿನ ಹತ್ತಿ ಸಾಹುಕಾರರೊಬ್ಬರು ಮನೆ ನೋಡಲು ಬರುವುದಾಗಿ ತಿಳಿಸಿದರು. ಚಳಿಗಾಲ, ಕೆರೆ ತುಂಬಿತ್ತು, ಹೊರದೇಶದ ಬಾತುಗಳು ಸಾವಿರಗಟ್ಟಲೆ ಬಂದು ಇಳಿದಿದ್ದವು. ಮಾವನವರು ಬೇಕೆಂದೇ ಆ ಕಾಲಕ್ಕೆ ಕರೆಸಿದ್ದರು. ಸಾಹುಕಾರರು ಬಂದರು, ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ಬಂದರು. ಇದು ಯಾರೂ ಎಣಿಸದ ಮಾತು. ಮನೆ ನೋಡಲು ಹೆಂಗಸರು ಯಾಕೆ? ಆ ಸಾಹುಕಾರ್ತಿ ಕಾರಂಜಿ ನೋಡಿದಳು, ಗುಲಾಬಿ ನೋಡಿದಳು, ನೇರ ಕೇಳಿದಳು: "ಮ್ಯಾಲೆ ಹೋಗೂಣು?"

ಪರಸ್ಥಳದ ಹೆಣ್ಣುಮಗಳನ್ನು ಗಂಡಸರು ಮಹಡಿಗೆ ಕರೆದೊಯ್ಯುವಂತಿಲ್ಲ. ಅತ್ತೆಗೆ ಮೊಳಕಾಲು ನೋವು. ಗಂಗಕ್ಕ ಏಣಿಯ ಮೇಲೆ. ಉಳಿದವಳು ನಾನು. ಅತ್ತೆ ನನ್ನನ್ನು ಒಳಗೆ ಕರೆದು ಕಿವಿಯಲ್ಲಿ ಅಂದಳು: "ನೀಲಾ, ಬಾಯಿ ಬಿಗಿ ಹಿಡಿ. ಏನ ಕೇಳಿದ್ರೂ ಚಂದ ಐತ್ರಿ ಅನ್ನು. ಗದಗಿಗೆ ಹೋಗಬೇಕಿಲ್ಲೋ?"

"ಹೋಗಬೇಕ್ರಿ ಯತ್ತಿ."

"ಹಂಗಾರ ಚಂದ ಐತ್ರಿ."

ಪಾವಟಿಗೆ ಹದಿನೇಳು ಇದ್ದವು, ಎಣಿಸಿಕೊಂಡೇ ಹತ್ತಿದೆ. ಮೇಲೆ ಗಾದಿ, ಲೋಡು, ಒಂದು ಮಂಕಾದ ಕನ್ನಡಿ, ಇಸ್ಪೀಟಿನ ಎಲೆ. ಕೆರೆಯ ಕಡೆಗೆ ಮೂರು ದೊಡ್ಡ ಕಿಟಕಿ, ಮೂರಕ್ಕೂ ಬಾಗಿಲು ಬಿಗಿದು ಕಟ್ಟಿಗೆಯ ಬೆಣೆ ಹೊಡೆದಿತ್ತು. ಕೆರೆಯ ಗಾಳಿಗೆ ಇಸ್ಪೀಟಿನ ಎಲೆ ಹಾರುತ್ತವೆಂದು ಯಾವಾಗಲೋ ಹೊಡೆದ ಬೆಣೆ. ಮಾವನವರು ಬಂದವರಿಗೆಲ್ಲ ಆ ಮುಚ್ಚಿದ ಬಾಗಿಲಿನ ಕಡೆ ಕೈ ಮಾಡಿಯೇ ಕೆರೆಯ ವರ್ಣನೆ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ನಾನೂ ಸಾಹುಕಾರ್ತಿಯೂ ಸೇರಿ ಬೆಣೆ ಕಿತ್ತೆವು, ಭುಜ ಕೊಟ್ಟು ನೂಕಿದೆವು. ಪಾರಿವಾಳದ ಹಿಕ್ಕೆ, ಧೂಳು ಉದುರಿ ಬಾಗಿಲು ತೆರೆಯಿತು.

ಎದುರಿಗೆ ಸರ್ವೆ ಗಿಡ. ಬಲಕ್ಕೆ ಸರ್ವೆ ಗಿಡ. ಎಡಕ್ಕೂ ಅದೇ. ಟೊಂಗೆಗಳು ಒಳಗೆ ಕೈ ಚಾಚಿ ನಮ್ಮ ಮುಖ ಸವರಿದವು. ಹದಿನೈದು ವರ್ಷ ಈ ಮನೆಯ ಹೆಂಗಸರೇ ನೀರು ಹೊತ್ತು ಹಾಕಿ ಬೆಳೆಸಿದ ಗಿಡ! ನೋಟವನ್ನು ಅವು ನುಂಗಿ ನೀರು ಕುಡಿದಿದ್ದವು. ಗಂಡಸರು ಮೇಲೆ ಕೂತರೂ ಕಿಟಕಿ ತೆರೆದಿರಲಿಲ್ಲ, ಹೆಂಗಸರು ಮೇಲೆ ಬಂದಿರಲಿಲ್ಲ. ಕೆರೆ ಮರೆಯಾದದ್ದು ಮನೆಯವರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಗಿಡದಾಚೆಯಿಂದ ಬಾತುಗಳ ಗದ್ದಲ ಮಾತ್ರ ಬರುತ್ತಿತ್ತು.

ಕೆಳಗಿಂದ ಮಾವನವರ ಧ್ವನಿ: "ಕಂಡಿತೇನ್ರಿ ಕೆರಿ?"

ನನ್ನ ಗದಗು, ನಳ, ಗಂಡ ಎಲ್ಲ ಆ ಗಿಡದ ಹಿಂದೆ ಹೋದಂತಾಯಿತು. ಸಾಹುಕಾರ್ತಿ ಕಿಟಕಿಯಿಂದಲೇ ಕೂಗಿ ಹೇಳಿದಳು: "ಚೊಲೋ ಕೇಳಸ್ತೈತ್ರಿ!"

ಆಮೇಲೆ ಸೆರಗು ಬಾಯಿಗಿಟ್ಟು ನಕ್ಕು ನಕ್ಕು ಗಾದಿಯ ಮೇಲೆ ಕುಸಿದಳು. ಪಕ್ಕದ ಲೋಡು ತಟ್ಟಿ, "ಕುಂಡ್ರು ಬಾ ತಂಗಿ" ಅಂದಳು. ಮಾವನವರ ಗಾದಿ! ನಾನು ಅಂಚಿಗೆ, ಬಿಸಿ ಹಂಚಿನ ಮೇಲೆ ಕೂತಂತೆ ಕೂತೆ.

"ನಮ್ಮ ಮನಿಯವರು ಗದಗಿನಾಗ ಇರತಾರ, ನಾನೂ ನಮ್ಮ ಮೂರು ಮಂದಿ ಸೊಸ್ತ್ಯಾರೂ ಇಲ್ಲಿ ಇರಬೇಕಂತ. ಗಾಳಿ ಚೊಲೋ ಐತಂತ. ಖರೆ ಹೇಳು. ನಿನ್ನ ತಂಗಿನ್ನ ಈ ಮನಿಗೆ ಕೊಡತಿದ್ದೇನು?"

ಚಂದ ಐತ್ರಿ ಅನ್ನಬೇಕು. ನಾಲಿಗೆಯ ತುದಿಗೆ ತಂದುಕೊಂಡಿದ್ದೆ ಕೂಡ. ಆದರೆ ನೋಡಿ, ಆ ಮನೆಗೆ ಬಂದು ನಾಲ್ಕು ವರ್ಷದಲ್ಲಿ ನನ್ನನ್ನು 'ಊಟ ಆಯಿತೇ' ಎಂದು ಕೇಳಿದವರಿದ್ದರು, 'ಇನ್ನೂ ಯಾಕೆ ಏನೂ ವಿಶೇಷ ಇಲ್ಲ' ಎಂದು ಕೇಳಿದವರಂತೂ ಊರ ತುಂಬ ಇದ್ದರು. ಮನೆ ಹೇಗಿದೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಕೇಳಿದ ಕೂಡಲೇ ಬಾಯಿ ತಾನಾಗಿ ತೆರೆಯಿತು. ಹಿತ್ತಲ ದಾರಿ ಹೇಳಿದೆ, ಗೋಡೆಯ ಪ್ರದಕ್ಷಿಣೆ ಹೇಳಿದೆ. ಕಾರಂಜಿಗೆ ಏಣಿ ಹತ್ತುವುದು ಹೇಳಿದೆ. ಗುಲಾಬಿಗೆ ಮೂರು ಕೊಡ, ಸರ್ವೆಗೆ ಕೊಡದ ಲೆಕ್ಕವೇ ಇಲ್ಲ ಅಂದೆ. ರಾತ್ರಿ ಬಾತುಗಳು ಹೊಲಕ್ಕೆ ಬಿದ್ದು ಕಡಲೆ ಮೇಯುವುದು, ಮಳೆಗಾಲದಲ್ಲಿ ಮಾಳಿಗೆ ಸೋರುವುದು, ಸೊಳ್ಳೆ, ಒಮ್ಮೆ ಕಾರಂಜಿಯ ತೊಟ್ಟಿಯಲ್ಲಿ ಸಿಕ್ಕ ನೀರುಹಾವು, ಒಂದೂ ಬಿಡಲಿಲ್ಲ. ಕೇಳದ್ದನ್ನೂ ಹೇಳಿದೆ. ಹಾವಿನ ಉದ್ದ ತೋರಿಸಲು ಎರಡೂ ಕೈ ಚಾಚಿದೆ.

"ನಿನ್ನ ಗಂಡ ಎಲ್ಲಿರತಾನ?" ಅಂದಳು.

"ಗದಗಿನಾಗ್ರಿ. ಮಾಸ್ತರ."

"ಮನಿ ಮಾರಿದ್ರ?"

"ನಾನೂ ಅಲ್ಲಿಗೇ ಹೋಗತಿದ್ದೆ ಅವ್ವಾರ."

ಅವಳು ನನ್ನ ಮುಖವನ್ನೇ ನೋಡಿದಳು. "ಮತ್ಯಾಕ ಇದನ್ನೆಲ್ಲಾ ಹೇಳಿದಿ, ಹುಚ್ಚಿ?"

"ನೀವು ಕೇಳಿದ್ರಿ."

ಕೆಳಗೆ ಬಂದು ಅವಳು ಗಂಡನಿಗೆ ಒಂದೇ ಮಾತು ಹೇಳಿದಳು: "ಮನಿ ಚಂದ ಐತ್ರಿ. ನೀರು ದೂರ ಐತಿ."

ಮಾವನವರು ಕುರ್ಚಿಯಿಂದ ಎದ್ದೇಬಿಟ್ಟರು. "ನೀರು ದೂರ? ಏನ ಮಾತಂತ ಆಡತೀರಿ! ಕೆರಿ ನಮ್ಮ ಅಂಗಳದಾಗ ಐತಲ್ಲರಿ!"

"ನೋಡಾಕ ಅಂಗಳದಾಗ ಐತ್ರಿ ಯಜಮಾನರ. ತರಾಕ ದೂರ ಐತಿ."

ಸಾಹುಕಾರರು ಹೆಂಡತಿಯ ಮುಖ ನೋಡಿದರು, ಕಾರಂಜಿಯ ಕಡೆ ನೋಡಿದರು, ಟೋಪಿ ಸರಿ ಮಾಡಿಕೊಂಡರು. ನಾಡು ಒಂದಾದ ಮೇಲೆ ನೋಡೋಣ, ಈಗ ಏನು ಅವಸರ ಎಂದು ಹೇಳಿ ಟಾಂಗಾ ಹತ್ತಿದರು. ಅವರ ಹಿಂದೆ ಇನ್ನೊಬ್ಬರು ಬರಲಿಲ್ಲ. ನಾಡೇನೋ ಒಂದಾಯಿತು, ಸಿಹಿ ಹಂಚಿದರು. ನಾನೂ ನನ್ನ ಗಂಡನೂ ಒಂದಾಗಲು ಅದಾದ ಮೇಲೆ ಮತ್ತೊಂದು ವರ್ಷ ಹಿಡಿಯಿತು.

ಅಂದು ಸಂಜೆ ಮಾವನವರು ಊಟ ಮಾಡಲಿಲ್ಲ. ನೀರು ದೂರ ಹೇಗಾಗುತ್ತದೆ ಎಂಬುದು ಅವರಿಗೆ ಬಗೆಹರಿಯಲೇ ಇಲ್ಲ. ಅತ್ತೆ ಕೇಳದೆಯೇ ಎಲ್ಲ ತಿಳಿದವರ ಹಾಗೆ ರೊಟ್ಟಿ ಬಡಿದಳು, ಎಂದಿಗಿಂತ ಜೋರಾಗಿ. ಗಂಗಕ್ಕ ಮಾತ್ರ ಏಣಿ ಒಳಗಿಡುತ್ತ ಹತ್ತಿರ ಬಂದಳು.

"ಏನಂದಿಲೇ ಆಕಿಗೆ?"

"ಖರೆ ಅಂದೆ."

"ಹೌದಾ?" ಅಂದಳು. "ಹಂಗಾರ ನೀರು ಹೊರು."

ಮರುದಿನ ಮುಂಜಾನೆ ಗಂಡಸರು ಏಳುವ ಮೊದಲು ಎದ್ದು ಕುಡಗೋಲು ತೆಗೆದುಕೊಂಡು ಮಹಡಿ ಹತ್ತಿದೆ. ಹೋದದ್ದು ಹೋಯಿತು, ಆ ನೋಟ ಏನೆಂಬುದಾದರೂ ತಿಳಿಯಲಿ ಎಂಬ ಹಟ. ಕಿಟಕಿ ತೆರೆದು ಕೈಗೆ ಸಿಕ್ಕ ಟೊಂಗೆ ಕೊಯ್ದೆ. ಜರಡಿಯಷ್ಟಗಲದ ಕಿಂಡಿ ಆಯಿತು. ಅದರಲ್ಲಿ ಕೆರೆ ಕಂಡಿತು. ನಮ್ಮ ಪಾಚಿಯ ಕೆರೆಯೇ, ಆದರೆ ಪಾಚಿ ಕಾಣುತ್ತಿರಲಿಲ್ಲ. ಅಷ್ಟಗಲ ನೀರು, ಅದರ ಮೇಲೆ ಎಳೆಬಿಸಿಲು, ಬಾತುಗಳು ಹಿಂಡುಗಟ್ಟಿ ಏಳುತ್ತಿದ್ದವು. ಪೇಪರು ಸುಳ್ಳು ಹೇಳಿರಲಿಲ್ಲ. ದಂಡೆಗೆ ನಾಲ್ಕೈದು ಹೆಂಗಸರು ಬಗ್ಗಿ ಅರಿವೆ ಒಗೆಯುತ್ತಿದ್ದರು, ಬಣ್ಣಬಣ್ಣದ ಸೀರೆ, ಗೊಂಬೆಗಳಷ್ಟೆತ್ತರ. ಒಬ್ಬಳು ಕೊಡ ಹೊತ್ತು ದಂಡೆ ಏರಿ ಬರುತ್ತಿದ್ದಳು. ಮೇಲಿಂದ ಆ ಕೊಡಕ್ಕೆ ಭಾರವೇ ಇರಲಿಲ್ಲ, ಹೂವಿನ ಬುಟ್ಟಿಯಂತೆ ತೇಲಿಕೊಂಡು ಬರುತ್ತಿತ್ತು. ಎಷ್ಟು ಚಂದ ನಡೆಯುತ್ತಾಳೆ ಅಂದುಕೊಂಡೆ. ಹತ್ತಿರ ಬಂದಮೇಲೆ ನೋಡಿದರೆ ಗಂಗಕ್ಕ. ಕೊಡ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ನಾನೆಲ್ಲಿ ಸತ್ತೆನೋ ಎಂದು ನಾಲ್ಕೂ ದಿಕ್ಕಿಗೆ ಹುಡುಕುತ್ತಿದ್ದಳು.

ಕಿಟಕಿ ಮುಚ್ಚಿ ದಡದಡ ಇಳಿದೆ. ಮುಂಬಾಗಿಲು ಎದುರಿಗೇ ಇತ್ತು, ಹೊರಗೆ ನಾಲ್ವತ್ತು ಹೆಜ್ಜೆಯ ದಾರಿ, ನೋಡುವವರು ಒಬ್ಬರೂ ಎದ್ದಿರಲಿಲ್ಲ. ಕೊಡ ತೆಗೆದುಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದೆ, ಕೊಟ್ಟಿಗೆ ಬಳಸಿ, ಬಣಿವೆ ದಾಟಿ, ಗೋಡೆ ಸುತ್ತಿ ಕೆರೆಗೆ ಹೋದೆ.