ದೊಡ್ಡಪ್ಪನ ಒಂದು ದಿನದ ಟೋಕನ್

ನಮ್ಮ ದೊಡ್ಡಪ್ಪನಿಗೆ ಅವರದೇ ಮನೆಯೊಳಗೆ ಒಮ್ಮೆ ಪ್ರವೇಶ ಸಿಕ್ಕಿರಲಿಲ್ಲ. ಉತ್ಪ್ರೇಕ್ಷೆಯಲ್ಲ, ನನ್ನ ದಿನಚರಿಯಲ್ಲಿ ಬರೆದಿದೆ: ಗುರುವಾರ, ಜಗಲಿಯ ಮೇಲೆ ಕೂತದ್ದು ನಲವತ್ತು ನಿಮಿಷ.

ಕಾರಣ, ಗುರುತು. ದೊಡ್ಡಪ್ಪನ ಕಟ್ಟಪ್ಪಣೆ ಇದು: ತಾವು ತೋಟದಲ್ಲಿದ್ದಾಗ ಯಾರೇ ಏಣಿಯನ್ನೋ ಔಷಧಿ ಹೊಡೆಯುವ ಕ್ಯಾನನ್ನೋ ಕೇಳಿಕೊಂಡು ಬಂದರೆ, ತಾವು ಕೊಟ್ಟುಕಳಿಸಿದ ಗುರುತಿನ ವಸ್ತು ತೋರಿಸದ ಹೊರತು ದೊಡ್ಡಮ್ಮ ಬಾಗಿಲು ತೆಗೆಯಬಾರದು. ಇದೇನು ಮಹಾ, ಹಿಂದೆ ಎಲ್ಲರ ಮನೆಯಲ್ಲೂ ಇತ್ತಲ್ಲ ಅನ್ನಬೇಡಿ. ಇವರದು ವಾರಕ್ಕೆ ಏಳು ಗುರುತು! ಸೋಮವಾರ ಕನ್ನಡಕದ ಡಬ್ಬಿ, ಮಂಗಳವಾರ ಎಲೆಅಡಿಕೆ ಸಂಚಿ, ಗುರುವಾರ ಬಲಗಾಲಿನ ಚಪ್ಪಲಿ. ಸೋಮವಾರದ್ದು ಮಂಗಳವಾರ ನಡೆಯುವುದಿಲ್ಲ. ಆ ಗುರುವಾರ ಚಪ್ಪಲಿ ಒಯ್ದವನು ಅದನ್ನು ಏಣಿಗೆ ಸಿಕ್ಕಿಸಿಕೊಂಡು ಸೀದಾ ತನ್ನ ಮನೆಗೆ ಹೋಗಿಬಿಟ್ಟ. ದೊಡ್ಡಪ್ಪ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದರು.

"ಗುರುತು ಎಲ್ಲೈತೆ?" ಕಿಟಕಿಯಿಂದ ದೊಡ್ಡಮ್ಮ.

"ನಾನೇ ಕಣೇ."

"ಎಲ್ಲರೂ ಹಂಗೇ ಅನ್ನೋದು."

ಸಿಟ್ಟು ಬರಬೇಕಿತ್ತಲ್ಲವೇ? ಇಲ್ಲ. ತಮ್ಮ ಏರ್ಪಾಡು ಎಷ್ಟು ಭದ್ರ ಎಂದು ಮೂರು ದಿನ ತಮ್ಮೂರು ಮಾದಿಹಳ್ಳಿಗೆಲ್ಲ ಹೇಳಿಕೊಂಡು ಹಿಗ್ಗಿದರು! ನಾನೂ ಚಿಕ್ಕಂದಿನಿಂದ ಮೊದಲು ತೋಟಕ್ಕೆ ಹೋಗಿ, ಗುರುತು ಇಸಿದುಕೊಂಡೇ ಅವರ ಮನೆಗೆ ಹೋದವಳು. ಲೆಕ್ಕ ಇಡತೊಡಗಿದ ಮೇಲೆ ಅರವತ್ತೆರಡು ಸಲ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಊರೂರಿನ ಹಾಲಿನ ಸಂಘಗಳು ಕಂಪ್ಯೂಟರಿನಲ್ಲಿಟ್ಟ ದನಗಳ ಪಟ್ಟಿಗಳನ್ನು ತಾನಾಗಿಯೇ ಎಳೆದು ಒಂದುಗೂಡಿಸುವ ತಂತ್ರಾಂಶವೊಂದಿದೆ. ಅರಸೀಕೆರೆಯ ನಮ್ಮ ಆಫೀಸಿನಲ್ಲಿ ಅದನ್ನು ಹೊಂದಿಸುವುದು ನನ್ನ ಪಾಲಿಗೆ ಬಂತು. ಆ ಒಟ್ಟು ಪಟ್ಟಿ ಹಿಡಿದುಕೊಂಡು ಬೇಲೂರಿನಿಂದ ಕಾಲುಬಾಯಿ ಜ್ವರದ ಲಸಿಕೆ ಗಾಡಿ ಹೊರಡುತ್ತದೆ. ಪಟ್ಟಿ ಮುಚ್ಚುವವರೆಗೆ ತಂತ್ರಾಂಶ ದಿನಾ ಹೊಸದಾಗಿ ಎಳೆಯುತ್ತದೆ, ಕೊನೆಯ ದಿನ ಸಂಪರ್ಕ ತಪ್ಪಿದ ಊರು ಪಟ್ಟಿಯಲ್ಲಿರುವುದಿಲ್ಲ, ಪಟ್ಟಿಯಲ್ಲಿಲ್ಲದ ಊರಿಗೆ ಗಾಡಿಯಿಲ್ಲ. ಗೆಂಡೆಹಳ್ಳಿ ಸಂಘದವರು ಒಂದೇ ಫೋನಿಗೆ ತಮ್ಮ ಖಾತೆಯ ಪಾಸ್‌ವರ್ಡ್ ಹೇಳಿಬಿಟ್ಟರು. ಮಾದಿಹಳ್ಳಿ ಸಂಘದ ಕಾರ್ಯದರ್ಶಿ ಯಾರು ಹೇಳಿ? ಹೌದು, ಅವರೇ! ಹೋದ ವರ್ಷ ಅದೇ ಜ್ವರಕ್ಕೆ ಒಂದು ಕರು ಕಳೆದುಕೊಂಡಿದ್ದರು. ಈ ಸಲ ಊರಿನ ಒಂದು ದನವೂ ತಪ್ಪಬಾರದೆಂದು ಮನೆಮನೆ ಸುತ್ತಿ ಪಟ್ಟಿ ಮಾಡಿದವರೂ ಅವರೇ.

"ಪಾಸ್‌ವರ್ಡ್ ಅಂದ್ರೆ ಬೀಗದ ಕೈ ಕಣಮ್ಮ. ಅದು ಕೊಡೋ ವಸ್ತುವಲ್ಲ."

ಹಾಗಾದರೆ ಟೋಕನ್ ಕೊಡಿ ಎಂದೆ. ಖಾತೆಯಲ್ಲಿ ಉದ್ದನೆಯ ಅಕ್ಷರಗಳ ಸಾಲೊಂದು ಹುಟ್ಟುತ್ತದೆ, ಅದನ್ನು ತೋರಿಸಿದವರು ಪಟ್ಟಿ ನೋಡಬಹುದು, ತಿದ್ದುವಂತಿಲ್ಲ, ಅವಧಿ ಮುಗಿದರೆ ಅದು ನಡೆಯುವುದಿಲ್ಲ ಎಂದು ವಿವರಿಸಿದೆ. ದೊಡ್ಡಪ್ಪನ ಮುಖ ಅರಳಿತು. "ನನ್ನ ಗುರುತನ್ನ ಕದ್ದವ್ರೆ," ಎಂದರು.

ಮೊದಲ ಟೋಕನ್ ಹುಟ್ಟಿತು. ನಾನು ನಕಲು ಮಾಡಿಕೊಳ್ಳುವಷ್ಟರಲ್ಲಿ ಅವರು ಪುಟ ಮುಚ್ಚಿಬಿಟ್ಟರು. ಯಾಕೆ ಎಂದರೆ, ಒಂದೇ ಸಲ ತೋರಿಸುತ್ತೇವೆ ಎಂದು ಅಲ್ಲೇ ಬರೆದಿತ್ತಂತೆ, ತಾವು ನೋಡಿಯಾಯಿತಂತೆ! ಎರಡನೆಯದನ್ನು ನಕಲು ಮಾಡಿ ತಂತ್ರಾಂಶಕ್ಕೆ ಅಂಟಿಸಿದೆ. 'ಸಂಪರ್ಕ ಸರಿಯಿದೆ' ಎಂದು ಹಸಿರು ದೀಪ ಬಂತು. ಮಾರನೆಯ ಬೆಳಗ್ಗೆ ಕೆಂಪು. ಅವಧಿಯ ಜಾಗದಲ್ಲಿ ದೊಡ್ಡಪ್ಪ ಒಂದೇ ದಿನ ಎಂದು ಒತ್ತಿದ್ದರು.

ತೊಂಬತ್ತು ದಿನ ಇಡಿ ಎಂದು ಗೋಗರೆದೆ. "ತೊಂಬತ್ತು ದಿನಕ್ಕೂ ಒಂದೇ ಗುರುತಾ?" ಎಂದು ನನ್ನನ್ನೇ ಕನಿಕರದಿಂದ ನೋಡಿದರು. ದಿನಾ ಫೋನಿನಲ್ಲಿ ಕಳಿಸಿ ಎಂದರೆ, ಗುರುತನ್ನು ಕೈಗೇ ಕೊಡಬೇಕಂತೆ. ಒಂಬತ್ತು ದಿನದ ಲೆಕ್ಕ: ಕೈಗೆ ಸಿಕ್ಕ ಟೋಕನ್ ಒಂಬತ್ತು, ಹಳೇಬೀಡಿನಲ್ಲಿ ಬಸ್ಸು ಬದಲಿಸಿದ್ದು ಹದಿನೆಂಟು, ದೊಡ್ಡಮ್ಮನ ರಾಗಿರೊಟ್ಟಿ ಇಪ್ಪತ್ತೇಳು.

ಹತ್ತನೆಯ ದಿನ ಸೋಮವಾರ. ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತದೆ, ಬೆಳಗ್ಗೆ ಗಾಡಿ ಹೊರಡುತ್ತದೆ. ದೊಡ್ಡಪ್ಪನೋ ಕಣ್ಣಿನ ಪೊರೆ ತೆಗೆಸಿಕೊಂಡು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಅರಸೀಕೆರೆಯ ಆಸ್ಪತ್ರೆಯಲ್ಲಿದ್ದರು. ಖಾತೆಯಿದ್ದ ಫೋನು ಮಾದಿಹಳ್ಳಿಯ ಪೆಟ್ಟಿಗೆಯಲ್ಲಿ. ಹಸುಗಳನ್ನು ಬಿಟ್ಟು ಬರಲಾಗದೆ ದೊಡ್ಡಮ್ಮನೂ ಅಲ್ಲೇ. ನಾನು ಹಾಸಿಗೆಯ ಬಳಿ ನಿಂತು ಗುರುತು ಕೇಳಿದೆ. ಅವರು ದಿಂಬಿನ ಸುತ್ತ ತಡಕಾಡಿದರು. ಕನ್ನಡಕವೇ ಬೇಡವಾದ ಮೇಲೆ ಡಬ್ಬಿ ಎಲ್ಲಿಂದ ಬರಬೇಕು?

"ಹಂಗೇ ಹೋಗು ಮಗ," ಎಂದರು.

ಕಣ್ಣಿಗೆ ಹಾಕಿದ ಔಷಧಿ ತಲೆಗೇರಿದೆ ಎಂದುಕೊಂಡೆ. ದೊಡ್ಡಮ್ಮನನ್ನು ಒಪ್ಪಿಸಲು ಬಸ್ಸಿನಲ್ಲೇ ಮೂರು ವಾದ ಬರೆದುಕೊಂಡೆ. ಐದೂಕಾಲಿಗೆ ಮನೆ ಮುಟ್ಟಿ ಮೊದಲನೆಯದನ್ನು ಶುರುಮಾಡುವ ಮೊದಲೇ ಅವರು ಬಾಗಿಲು ತೆಗೆದು, ಪೆಟ್ಟಿಗೆಯಿಂದ ಫೋನು ತಂದು ನನ್ನ ಕೈಗಿಟ್ಟರು.

"ಗುರುತು ಬೇಡವಾ ದೊಡ್ಡಮ್ಮ?"

"ನಿಂಗ್ಯಾತಕ್ಕೆ? ಈ ಕೂಸಿಗೆ ಮಾತ್ರ ಗುರುತು ಕೇಳಬ್ಯಾಡ ಅಂತ ನೀನು ಹುಟ್ಟಿದ ದಿನಾನೇ ಹೇಳವ್ರೆ."

"ಮತ್ತೆ ಅರವತ್ತೆರಡು ಸಲ ಇಸ್ಕೊಂಡ್ರಲ್ಲ?"

"ನಾನೆಲ್ಲಿ ಕೇಳಿದ್ದೆ? ನೀನಾಗೇ ತತ್ತಿದ್ದೆ, ಇಸ್ಕೊಂಡೆ. ನೀನು ಮೊದಲು ತೋಟಕ್ಕೆ ಹೋಗಿ ಅವರನ್ನ ಮಾತಾಡಿಸ್ಕಂಡು ಬರ್ತೀಯಲ್ಲ, ಅದು ಅವರಿಗೊಂದು ಖುಷಿ."

ಜಗಲಿಯ ಮೇಲೆ ಕೂತು ಟೋಕನ್ ಹುಟ್ಟಿಸಲು ಹೊರಟೆ. ಅವಧಿಯ ಆಯ್ಕೆಗಳಲ್ಲಿ ಕೊನೆಯದು 'ಎಂದಿಗೂ ಮುಗಿಯದು'. ಬೆರಳು ಅಲ್ಲಿಯವರೆಗೂ ಹೋಯಿತು. ಹಿಂದಕ್ಕೆ ತಂದು, ಒಂದು ದಿನ ಎಂದು ಒತ್ತಿದೆ. ಹುಟ್ಟಿದ ಸಾಲನ್ನು ನನ್ನ ಲ್ಯಾಪ್‌ಟಾಪಿನಲ್ಲಿದ್ದ ತಂತ್ರಾಂಶಕ್ಕೆ ಅಂಟಿಸಿದೆ. ಹಸಿರು ದೀಪ ಬಂತು. ಆರಕ್ಕೆ ಹತ್ತು ನಿಮಿಷವಿರುವಾಗ ಮಾದಿಹಳ್ಳಿಯ ಅಷ್ಟೂ ದನಗಳು ಬೇಲೂರು ತಲುಪಿದವು.

ಬುಧವಾರ ದೊಡ್ಡಪ್ಪ ಊರಿಗೆ ಬರುತ್ತಾರೆ. ತೋಟಕ್ಕೆ ಹೋಗಿ ಗುರುತು ಇಸಿದುಕೊಳ್ಳಬೇಕು. ಅರವತ್ತಮೂರನೆಯದು.