ಮಾವಶಿ ಮತ್ತು ಟಪ್ಪಿಲ್ಲದ ಕಾರು

ಕಾರು ಓಡಿಸಲು ಕಲಿತವರು ಮಿರಜದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾರಿಗೇ ಓಡಲು ಕಲಿಸಬೇಕಾಗಿ ಬಂದವರು ನಮ್ಮ ಮಾವಶಿ ಒಬ್ಬರೇ!

ಮಾವಶಿ ಎಂದರೆ ನಮ್ಮ ಅವ್ವನ ತಂಗಿ. ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಿ ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬಸದಿಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ, ಸೊಸೆ ಮಾಡಿದ ಸಾರಿನಲ್ಲಿ ಉಪ್ಪು ಹುಡುಕುತ್ತಾರೆ. ನಮ್ಮ ಮಾವಶಿ ಬಸದಿಗೆ ಹೋದವರು ಬರುವಾಗ ಒಂದು ಕಾರು ಕೊಂಡುಕೊಂಡು ಬಂದರು. ಅದೂ ಎಂಥದ್ದು? ತಲೆಯ ಮೇಲೆ ಟಪ್ಪೇ, ಅಂದರೆ ಮುಚ್ಚಿಗೆಯೇ ಇಲ್ಲದ, ಉದ್ದ ಮೂತಿಯ ಹಳೇ ಕಾರು. ಮಿರಜದ ಬ್ಯಾಂಡಿನವರೊಬ್ಬರ ಬಳಿ ಇದ್ದದ್ದು. ನಮ್ಮ ಕಡೆ ಮದುವೆಯಲ್ಲಿ ವರನನ್ನು ಇಂಥ ತೆರೆದ ಕಾರಿನಲ್ಲಿ ಕೂರಿಸಿ, ಮುಂದೆ ಬ್ಯಾಂಡು ಬಾರಿಸುತ್ತ ಊರು ಸುತ್ತಿಸುತ್ತಾರೆ. ಹುಟ್ಟಿದಾಗಿನಿಂದ ವರರನ್ನೇ ಹೊತ್ತು ತಿರುಗಿದ ಆ ಕಾರು ಕ್ಲಾರಿಯೊನೆಟ್ ಊದುವವನ ನಡಿಗೆಗಿಂತ ಜೋರಾಗಿ ಎಂದೂ ಹೋಗಿರಲಿಲ್ಲ. ಹೋಗಬಹುದು ಎಂದು ಅದಕ್ಕೆ ಯಾರೂ ಹೇಳಿಯೂ ಇರಲಿಲ್ಲ.

"ಇದನ್ನ ತಗೊಂಡು ಏನ್ ಮಾಡ್ತೀರಿ ಮಾವಶಿ?" ಎಂದು ಕೇಳಿದೆ.

"ಐತವಾರಕ್ಕೊಮ್ಮೆ ನಿಮ್ಮವ್ವನ್ನ ಮುಂದ ಕುಂದ್ರಿಸ್ಕೊಂಡು ಆರಗಕ್ಕ ಹೋಗಿ ಬರ್ತೇನಿ" ಎಂದರು.

ಆರಗ ಅವರಿಬ್ಬರ ತವರೂರು. ಬೇಕೆಂದಾಗ ಬಸ್ಸು ಸಿಗುತ್ತದೆ. ಆದರೆ ಮಾವಶಿಗೆ ಬಸ್ಸು ಬೇಡ, ಆಟೋ ಬೇಡ, ನನ್ನ ಮುಚ್ಚಿದ ಕಾರಂತೂ ಬೇಡವೇ ಬೇಡ. ಅಕ್ಕ ಟಪ್ಪಿಲ್ಲದ ಕಾರಿನಲ್ಲೇ ಕೂರಬೇಕು. ಯಾಕೆ ಎಂದರೆ, "ನಿನಗ್ಯಾಕ ಅದೆಲ್ಲಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಇನ್ನೊಂದು ಕಡೆ, ಸಾಂಗ್ಲಿಯಲ್ಲಿ ನನ್ನ ಜೊತೆಗಿರುವ ಅವ್ವ ಆ ಕಾರು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಳು.

ಅವ್ವ ತೆರೆದ ಕಾರಿನಲ್ಲಿ ಎಂದೂ ಕೂತವಳಲ್ಲ. ಅವಳ ಮದುವೆಯಲ್ಲಿ ಅಪ್ಪ ಇಂಥದೇ ಕಾರಿನಲ್ಲಿ ಮೆರೆದರಂತೆ. ಮದುಮಗಳು ಮಾತ್ರ ಗಂಡನ ಮನೆಗೆ ಬಂದದ್ದು ಅರಿಸಿನದ ಚೀಲ ಸಾಗಿಸುವ ಟೆಂಪೋದಲ್ಲಿ, ಟ್ರಂಕು ಹಂಡೆಗಳ ನಡುವೆ. "ಇಳಿಯೂದ್ರಾಗ ಮಾರಿ ಮೈ ಎಲ್ಲಾ ಹಳದಿ ಆಗಿತ್ತು. ನಮ್ಮತ್ತಿಗೆ ಅರಿಶಿಣ ಹಚ್ಚೂ ಕೆಲಸ ಉಳೀತು" ಎಂದು ಇಂದಿಗೂ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು.

ಇರಲಿ, ಕಾರಿನ ಸುದ್ದಿಗೆ ಬರೋಣ. ಮಾವಶಿಯ ಪ್ರಕಾರ ಎಂಜಿನ್ ಎಂದರೆ ದೊಡ್ಡ ಹೊಲಿಗೆ ಯಂತ್ರ. ಸದ್ದು ಬಂದರೆ ಎಣ್ಣೆ ಬಿಡಬೇಕು, ಸಿಕ್ಕಿಕೊಂಡರೆ ದಾರ ಹುಡುಕಬೇಕು. ಮಿಸ್ತ್ರಿ ಬಾನೆಟ್ ತೆರೆದಾಗ ಅವರು ಪಕ್ಕದಲ್ಲಿ ಕತ್ತರಿ ಹಿಡಿದು ನಿಂತಿದ್ದರು. ಮಿಸ್ತ್ರಿ ಹೆದರಿ ಹೆದರಿ ಹೇಳಿದ, "ಬಾಯಿ, ಹೆಡ್‌ಲೈಟ್ ಒಂದೂ ಹತ್ತಂಗಿಲ್ರಿ. ಮೊದಲ ಅವನ್ನ ಮಾಡ್ಸೂಣು."

"ಲೈಟ್ ಯಾಕ ಬೇಕೋ? ನಾವು ಜೈನರು. ಹೊತ್ತು ಮುಳುಗೂದ್ರಾಗ ಉಂಡು ಮನ್ಯಾಗ ಇರ್ತೀವಿ."

ಅಲ್ಲಿಗೆ ಆ ಕಾರು ಕೂಡ ರಾತ್ರಿಯ ಸಂಚಾರವನ್ನು ತ್ಯಾಗ ಮಾಡಿತು. ಗೇರಿನ ಹಿಡಿಕೆ ಕಳಚಿ ಬಿದ್ದು ಎಷ್ಟೋ ಕಾಲವಾಗಿತ್ತು. ಊರಲ್ಲೇ ಸಿತಾರ ತಂಬೂರಿ ಮಾಡುವವರಿರುವಾಗ ಹಿಡಿಕೆಗೆಂದು ಪುಣೆಯವರೆಗೆ ಯಾರು ಹೋಗುತ್ತಾರೆ? ಮಾವಶಿ ತಂಬೂರಿಯ ಬಿರಡೆಯೊಂದನ್ನು ತಂದು ಕೂರಿಸಿಬಿಟ್ಟರು. ಅಂದಿನಿಂದ ಅವರು ಗೇರು ಬದಲಿಸುವುದಿಲ್ಲ, ಶ್ರುತಿ ಮಾಡುತ್ತಾರೆ.

ಮೊದಲ ಭಾನುವಾರ ಅವ್ವನನ್ನು ಕರೆದೊಯ್ಯಲು ಮಿರಜದಿಂದ ಸಾಂಗ್ಲಿಗೆ ಹೊರಟರು. ದಾರಿಯಲ್ಲಿ ಒಂದು ಮಂಗಲ ಕಾರ್ಯಾಲಯ. ಬಾಗಿಲಲ್ಲಿ ವರನಿಗಾಗಿ ಕಾಯುತ್ತಿದ್ದ ಬ್ಯಾಂಡಿನವರಿಗೆ ಆ ಕಾರಿನ ಹಾರ್ನು ಮನೆಯ ಮಗುವಿನ ಅಳುವಿನಷ್ಟು ಪರಿಚಿತ. ಹಾರ್ನು ಕೇಳಿದ್ದೇ ತಡ, ಬಾರಿಸಲು ಶುರು ಮಾಡಿದರು. ಬ್ಯಾಂಡು ಕೇಳಿದ್ದೇ ತಡ, ಕಾರು ತನ್ನ ಹಳೆಯ ನಡಿಗೆಗೆ ಇಳಿಯಿತು. ಒಳಗಿನಿಂದ ಆರತಿ ಹಿಡಿದ ಹೆಂಗಸರು ಓಡಿ ಬಂದು ನೋಡುತ್ತಾರೆ, ಕರಿ ಕನ್ನಡಕ ಹಾಕಿಕೊಂಡ ಮಾವಶಿ! "ನವರಾ ಕುಠೆ ಆಹೆ?" ವರ ಎಲ್ಲಿ ಎಂದು ಒಬ್ಬಾಕೆ ಕೇಳಿದಳು. "ಮಾಗೂನ್ ಯೇತೋಯ್" ಎಂದು, ಹಿಂದೆ ಬರುತ್ತಿದ್ದಾನೆ ಎಂಬ ಭರವಸೆ ಕೊಟ್ಟು, ಎತ್ತಿದ ಆರತಿಯನ್ನು ವ್ಯರ್ಥ ಮಾಡಬಾರದೆಂದು ಬೆಳಗಿಸಿಕೊಂಡು, ಮಾವಶಿ ಹಣೆಯ ಮೇಲಿನ ಕುಂಕುಮದ ಸಮೇತ ನಮ್ಮ ಮನೆ ತಲುಪಿದರು.

ಅವ್ವ ಗೇಟಿನಲ್ಲೇ ನಿಂತು ಕಾರನ್ನು ಮೇಲೆ ಕೆಳಗೆ ನೋಡಿದಳು. "ಬಿಸಲು ನೆತ್ತಿಗೆ ಹೊಡೀತೈತಿ. ನಾ ಬರಂಗಿಲ್ಲ."

ಮಾವಶಿ ಕಾರು ತಿರುಗಿಸಿಕೊಂಡು ಹೋದರು. ಮುಂದಿನ ಭಾನುವಾರ ಕಾರಿನ ಮೇಲೆ ಹೂವಿನ ಚಿತ್ತಾರದ ಛತ್ರಿಯೊಂದು ಅರಳಿತ್ತು, ಅಂಚಿಗೆ ನೆರಿಗೆಯ ಝಾಲರು ಬೇರೆ. ಅವ್ವ ಹೇಳಿದಳು, "ಸೀಟ್ ಭಾಳ ತೆಳಗ ಐತಿ. ಕುಂತರ ಏಳಾಕ ಆಗಂಗಿಲ್ಲ." ಅದಕ್ಕೂ ಅಂಗಡಿ ಮುಚ್ಚುತ್ತಿದ್ದ ಕ್ಷೌರಿಕನೊಬ್ಬನ ಕುರ್ಚಿ ಸಿಕ್ಕಿ, ಮುಂದಿನ ಸೀಟಿನ ಜಾಗಕ್ಕೆ ಬಂತು. ಎತ್ತರ ಇಳಿಸಬಹುದು, ಏರಿಸಬಹುದು, ಬೇಕಾದ ಕಡೆ ಗಿರ್ರನೆ ತಿರುಗಬಹುದು. ಪರೀಕ್ಷೆಗೆಂದು ನನ್ನನ್ನು ಅದರಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಿದರು. ಪ್ರತಿ ತಿರುವಿನಲ್ಲೂ ಕಾರು ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ. ಸಾಂಗ್ಲಿಯ ಎಲ್ಲ ರಸ್ತೆಗಳನ್ನೂ ಅಂದು ನಾನು ಹಿಮ್ಮುಖವಾಗಿ ನೋಡಿದೆ.

"ಧೂಳಾ" ಎಂದಳು ಅವ್ವ. ಎರಡೂ ಬದಿಗೆ ಪರದೆಗಳು ಬಂದವು. "ದಾರ್ಯಾಗ ಗಾಡಿ ಕೆಟ್ಟು ಹೊತ್ತು ಮುಳುಗಿದ್ರ ಊಟದ ಗತಿ?" ಎಂದಳು. ಕುರ್ಚಿಯ ಮುಂದೆ ಮಡಚುವ ಊಟದ ಹಲಗೆ ಬಂತು, ಚಟ್ನಿಗೆ ಪ್ರತ್ಯೇಕ ಗುಳಿಯೊಂದಿಗೆ. ಕೊನೆಗೆ ಅವ್ವನ ಬತ್ತಳಿಕೆಯಲ್ಲಿ ಉಳಿದದ್ದು ಒಂದೇ ಬಾಣ: "ಮಳಿಗಾಲ ಬಂತಲ್ಲ."

ಅಷ್ಟರಲ್ಲಿ ಮಾವಶಿಯ ಹತ್ತಿರ ಬಟ್ಟೆಯೆಲ್ಲ ಮುಗಿದಿತ್ತು. ಅರಿಸಿನದ ಗೋದಾಮಿನಿಂದ, ಲಾರಿಗೆ ಹೊದಿಸುವ ಹಳೆಯ ತಾಡಪತ್ರಿಯೊಂದನ್ನು ತಂದು ಛತ್ರಿ, ಪರದೆ ಎಲ್ಲದರ ಮೇಲೆ ಎಳೆದು ಹಗ್ಗ ಬಿಗಿದರು. ಮುಂದಿನ ಗಾಜೊಂದನ್ನು ಬಿಟ್ಟರೆ ಬೇರೆ ಕಿಂಡಿಯಿಲ್ಲ. ತೆರೆದ ಕಾರನ್ನು ತಿಂಗಳುಗಟ್ಟಲೆ ಸುಧಾರಿಸಿ ಸುಧಾರಿಸಿ ಮಿರಜದಲ್ಲೇ ಅತ್ಯಂತ ಮುಚ್ಚಿದ ಕಾರನ್ನಾಗಿ ಮಾಡಿದ ಕೀರ್ತಿ ನಮ್ಮ ಮಾವಶಿಗೆ ಸಲ್ಲಬೇಕು. ಅವ್ವ ಸುತ್ತಲೂ ತಿರುಗಿ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಕುರ್ಚಿ ಏರಿದಳು. ಮಾವಶಿಯ ಮುಖ ನೋಡಬೇಕಿತ್ತು, ಸಾಕ್ಷಾತ್ ವರನ ಕಳೆ. ತಳ್ಳಲು ಬೇಕಾಗಬಹುದೆಂದು ನಾನು ಹಿಂದೆ ಕೂತೆ.

ಒಳಗೆ ಅರೆಗತ್ತಲು, ಮೂಗಿಗೆ ಅಡರುವ ಅರಿಸಿನದ ವಾಸನೆ. ಮಿರಜ ದಾಟುವವರೆಗೆ ಮಾವಶಿಯ ಮಾತೇ ಮಾತು. ಕಬ್ಬಿನ ಹೊಲಗಳು ಶುರುವಾದ ಮೇಲೆ ಅವ್ವ ಒಮ್ಮೆಲೇ ಹೇಳಿದಳು, "ಗಾಡಿ ನಿಂದ್ರಸು."

"ಯಾಕ ಅಕ್ಕಾ? ಹೊಟ್ಟಿ ತೊಳಸ್ತೈತೇನು?"

"ಈ ತಾಡಪತ್ರಿ ತಗದುಬಿಡು."

"ಮಳಿ ಅಂತ ನೀನ ಅಂದಿದ್ದಿ."

"ಅವತ್ತೂ ಹಿಂಗ ಕಟ್ಟಿದ್ರು" ಎಂದಳು ಅವ್ವ. "ಟೆಂಪೋಕ್ಕ. ನೀ ‘ಅಕ್ಕಾ, ಅಕ್ಕಾ’ ಅಂತ ಹಿಂದ ಓಡಿ ಬರಾಕತ್ತಿದ್ದಿ. ದನಿ ಕೇಳಸ್ತಿತ್ತು, ನೀ ಕಾಣಸ್ತಿರ್ಲಿಲ್ಲ. ತೂತು ಹುಡುಕಿ ಹುಡುಕಿ ಸಾಕಾತು. ಊರ ಬಾವಿ ತನಕ ದನಿ ಬಂತು, ಆಮ್ಯಾಲ ಅದೂ ಇಲ್ಲ."

ಎಷ್ಟು ಸಲ ಕೇಳಿದ ಕಥೆ! ಈ ಭಾಗವನ್ನು ಮಾತ್ರ ಅವ್ವ ಯಾರಿಗೂ ಹೇಳಿರಲಿಲ್ಲ.

ಮಾವಶಿ ಕಾರು ನಿಲ್ಲಿಸಿದರು. ಆಮೇಲೆ ಮೂಗೊರೆಸಿಕೊಂಡು ಜಗಳಕ್ಕೇ ನಿಂತರು. "ಮತ್ತ ನಾ ಟಪ್ಪಿಲ್ಲದ ಗಾಡಿ ಯಾಕ ತಗೊಂಡೇನಿ ಅಂತ ತಿಳಕೊಂಡಿ? ಬಿಸಲು, ಧೂಳಾ, ಮಳಿ ಅಂತ ನೀನ ಎಲ್ಲಾ ಮುಚ್ಚಿಸಿದಿ." ಬೈಯುತ್ತಲೇ ಇಳಿದು, ಚೀಲದಿಂದ ಕತ್ತರಿ ತೆಗೆದು ಹಗ್ಗ ಕತ್ತರಿಸಿದರು. ತಾಡಪತ್ರಿ, ಪರದೆ, ಝಾಲರಿನ ಛತ್ರಿ, ತಿಂಗಳುಗಟ್ಟಲೆಯ ಹೊಲಿಗೆಯೆಲ್ಲ ಹಿಂದಿನ ಸೀಟಿಗೆ, ಅಂದರೆ ನನ್ನ ಮೈಮೇಲೆ ಬಂತು. ಆಕಾಶ ಕಾರಿನೊಳಗೆ ಇಳಿಯಿತು. ನೆತ್ತಿಗೆ ಬಿಸಿಲು ಹೊಡೆದರೂ ಅವ್ವ ಮುಖವೆತ್ತಿ ಕೂತಳು.

ಆರಗದಲ್ಲಿ ಮಾತಾಡಿಸುವವರನ್ನೆಲ್ಲ ಮಾತಾಡಿಸಿ, ಹೊತ್ತು ಇರುವಾಗಲೇ ಉಂಡು ಹೊರಟೆವು. ಊರು ದಾಟುವ ಮೊದಲು ಮಾವಶಿ ಕಾರು ನಿಲ್ಲಿಸಿದರು. ಅದುವರೆಗೆ ಯಾರಿಗೂ ಮುಟ್ಟಗೊಡದ ಸ್ಟಿಯರಿಂಗನ್ನು ನನಗೆ ಒಪ್ಪಿಸಿದರು. "ನೀ ನಡಸು. ನಿಂದ್ರಸಬ್ಯಾಡ ಮತ್ತ" ಎಂದು ಕೆಳಗಿಳಿದು ರಸ್ತೆಯ ನಡುವೆ ನಿಂತುಕೊಂಡರು.

ನಾನು ಬಿರಡೆ ತಿರುವಿದೆ. ಕಾರು ಹೊರಟಿತು. ಹಿಂದಿನಿಂದ ದನಿ ಬಂತು, "ಅಕ್ಕಾ! ಅಕ್ಕಾ!" ಕನ್ನಡಿಯಲ್ಲಿ ನೋಡಿದರೆ, ಮಾವಶಿ ಒಂದು ಕೈಯಲ್ಲಿ ನಿರಿಗೆ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು, ಎಣ್ಣೆ ತಿಕ್ಕದ ಮೊಣಕಾಲುಗಳ ಮೇಲೆ ಓಡಿ ಬರುತ್ತಿದ್ದರು. ಕ್ಷೌರದ ಕುರ್ಚಿ ಗಿರ್ರನೆ ತಿರುಗಿತು. ಅವ್ವ ಹಿಂದಕ್ಕೆ ಮುಖ ಮಾಡಿ, ಎರಡೂ ಕೈ ಚಾಚಿ, ನಗುತ್ತ ಅಳುತ್ತ ಕೂಗುತ್ತಿದ್ದಳು, "ಓಡಬ್ಯಾಡ ಹುಚ್ಚಿ, ಬಿದ್ದೀ! ಕಾಣಸ್ತಿ, ಕಾಣಸ್ತಿ, ಚಂದಾಗಿ ಕಾಣಸ್ತಿ!"

ಬ್ಯಾಂಡಿನ ಹಿಂದೆ ನಡೆದು ಕಲಿತ ಆ ಕಾರಿಗೆ ಮಾವಶಿಯನ್ನು ಹಿಂದೆ ಹಾಕುವ ಶಕ್ತಿ ಇರಲಿಲ್ಲ. ಊರ ಬಾವಿಯ ಹತ್ತಿರ ಅವರು ಅಕ್ಕನ ಕೈ ಹಿಡಿದುಕೊಂಡು ಕಾರಿನ ಪಕ್ಕದಲ್ಲೇ ಹೆಜ್ಜೆ ಹಾಕಿದರು. ನಾನು ಆರಗದ ದಾರಿ ಮುಗಿಯುವವರೆಗೂ ಗೇರು ಬದಲಿಸಲೇ ಇಲ್ಲ.